ಹುಯೆ ನಗರದಲ್ಲಿ ಕಲಾವಿದರ ಒಡನಾಟ ಬೆಳೆಸುವುದು ಹೇಗೆ?

ಬದಿಯಡ್ಕದ ಚಿತ್ರಕಲಾ ಅಧ್ಯಾಪಕ:

ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಚಿತ್ರಕಲೆ ಕಲಿಸುವುದು ನನ್ನ ವೃತ್ತಿ. ಯಕ್ಷಗಾನದ ಆಟವಿದ್ದ ರಾತ್ರಿ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಮೂಲೆಯಲ್ಲಿ ಕುಳಿತು, ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಳ್ಳುವುದನ್ನು ನೋಡುತ್ತಾ ರೇಖಾಚಿತ್ರ ಬಿಡಿಸುವುದು ಬಹುಕಾಲದ ಹವ್ಯಾಸ. ವಿಯೆಟ್ನಾಮಿನ ಹುಯೆ ನಗರಕ್ಕೆ ಹೋಗಬೇಕೆಂದಿದ್ದೇನೆ. ಅರಮನೆ, ಗೋರಿಗಳನ್ನು ನೋಡಿ ಬರುವ ದಾರಿಯನ್ನು ಯಾವ ಪ್ರವಾಸಿ ಸಂಸ್ಥೆಯಾದರೂ ಹೇಳುತ್ತದೆ. ಅಲ್ಲಿನ ಚಿತ್ರಕಾರರು, ರಂಗದ ಮುಖವರ್ಣಿಕೆಯವರು, ವಾದಕರು ಇವರಲ್ಲಿ ಒಬ್ಬಿಬ್ಬರಾದರೂ ನಿಜವಾಗಿ ಪರಿಚಯವಾಗಬೇಕೆಂಬುದು ನನ್ನ ಆಸೆ. ಭಾಷೆ ಬಾರದವನು ಅವರ ಬಳಿಗೆ ಹೇಗೆ ಹೋಗಬೇಕು? ಕ್ರಿಸ್‌ಮಸ್ ರಜೆ ಒಳ್ಳೆಯದೋ, ಬೇಸಗೆ ರಜೆಯೋ?

ಮಂಜೇಶ್ವರದವರು, ಈಗ ಡಾ ನಾಂಗ್‌ನಲ್ಲಿ ಉದ್ಯೋಗ:

ಮಾಷ್ಟ್ರೇ, ರಜೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಇಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರದಿಂದ ಡಿಸೆಂಬರದವರೆಗೆ. ಹೊಳೆ ಉಕ್ಕಿ ಬೀದಿಗೆ ನೀರು ನುಗ್ಗುವುದೂ ಆಗಲೇ. ಎಪ್ರಿಲಿನಲ್ಲಿ ಬನ್ನಿ. ಇ-ವೀಸಾ 90 ದಿನಗಳವರೆಗೆ ಸಿಗುತ್ತದೆ. ಡಾ ನಾಂಗ್‌ನಲ್ಲಿ ವಿಮಾನ ಇಳಿದರೆ ಹುಯೆಗೆ ಇನ್ನು ಸುಮಾರು 100 ಕಿ.ಮೀ.; ಆ ದಾರಿಯನ್ನು ರೈಲಿನಲ್ಲೇ ಬನ್ನಿ, ಹಾಯ್ ವಾನ್ ಘಟ್ಟದ ಬುಡದಲ್ಲಿ ಹಳಿ ಕಡಲಂಚಿಗೇ ಅಂಟಿಕೊಂಡು ಸಾಗುತ್ತದೆ.

ಹುಯೆ 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿತ್ತು. ಆಸ್ಥಾನ ಮುಗಿದರೂ ಅದನ್ನು ನಂಬಿ ಬದುಕಿದ್ದ ಕಸುಬುಗಳು ಸುತ್ತಲಿನ ಊರುಗಳಲ್ಲಿ ಉಳಿದುಕೊಂಡಿವೆ. 1968ರ ಯುದ್ಧದಲ್ಲಿ ಕೋಟೆಯೊಳಗಿನ ಬಹುಭಾಗ ನೆಲಸಮವಾಯಿತು. ಜೀರ್ಣೋದ್ಧಾರ ಇಂದಿಗೂ ನಡೆಯುತ್ತಿರುವುದರಿಂದ, ಮರದ ಕಂಬಗಳಿಗೆ ಕೆಂಪು ಅರಗು ಬಳಿದು ಚಿನ್ನದ ರೇಕು ಅಂಟಿಸುವವರಿಗೆ ಕೆಲಸ ತಪ್ಪಿಲ್ಲ. ಸಿಂಹಾಸನವಿರುವ ಥಾಯ್ ಹೋವಾ ಅರಮನೆ 2024ರಲ್ಲಿ ಮತ್ತೆ ತೆರೆದಿದೆ. ಅದರ ಕಂಬಗಳನ್ನು ಹತ್ತಿರದಿಂದ ನೋಡಿದರೆ ಈ ಕೈಕೆಲಸ ಎಂಥದೆಂದು ನಿಮಗೆ ತಿಳಿಯುತ್ತದೆ.

ನಿಮ್ಮ ಆಸಕ್ತಿಗೆ ಹೆಚ್ಚು ಒಪ್ಪುವ ಜಾಗವೆಂದರೆ ನಗರದ ಹೊರಗೆ ಹೊಳೆಯ ದಡದಲ್ಲಿರುವ ಸಿನ್ ಗ್ರಾಮ. ಅಲ್ಲಿ ಕೆತ್ತಿದ ಮರದ ಅಚ್ಚಿಗೆ ಕಪ್ಪು ಮಸಿ ಬಳಿದು, ಅದರ ಮೇಲೆ ಕಾಗದ ಹಾಸಿ ಒತ್ತಿ ಎತ್ತುತ್ತಾರೆ; ಹೊರಗೆರೆ ಮೂಡಿದ ಮೇಲೆ ಕೆಂಪು, ಹಳದಿ, ಹಸಿರುಗಳನ್ನು ಕುಂಚದಿಂದ ತುಂಬುತ್ತಾರೆ. ಚಿಪ್ಪಿನ ಪುಡಿ ಲೇಪಿಸಿದ ಕಾಗದವಾದರೆ ಬೆಳಕಿಗೆ ಹಿಡಿದಾಗ ಸಣ್ಣಗೆ ಮಿನುಗುತ್ತದೆ. ಇಷ್ಟೆಲ್ಲ ಮಾಡಿದ ಚಿತ್ರವನ್ನು ಪೂಜೆ ಮುಗಿದ ಮೇಲೆ ಸುಟ್ಟುಬಿಡುವುದು ಪದ್ಧತಿ. ನಾಗಾರಾಧನೆಗೆಂದು ಬಣ್ಣದ ಪುಡಿಗಳಿಂದ ಬರೆದ ನಾಗಮಂಡಲವನ್ನು ಕೊನೆಗೆ ಅಳಿಸುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಪ್ರವಾಸಿಗಳು ಬಂದು ಒಂದು ಅಚ್ಚು ಒತ್ತಿ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನೀವು ನಾಲ್ಕು ಹಾಳೆ ಕೊಂಡು, ಬಣ್ಣ ತುಂಬಲು ಜೊತೆಗೆ ಕೂರಬಹುದೇ ಎಂದು ಕೇಳಿ, ಮರುದಿನವೂ ಅದೇ ಮನೆಗೆ ಹೋಗಿ. ಎರಡನೆಯ ದಿನ ಬಂದವನನ್ನು ಅವರು ಗಿರಾಕಿಯೆಂದು ನೋಡುವುದಿಲ್ಲ.

ಕುಂಬಳೆಯ ಮದ್ದಳೆಗಾರ:

ಸಿನ್ ಗ್ರಾಮದ ಮಾತನ್ನು ಒಪ್ಪುತ್ತೇನೆ. ಆದರೆ ಚೌಕಿಯಲ್ಲಿ ಕುಳಿತು ಬೆಳೆದ ಕಣ್ಣಿಗೆ ವಿಯೆಟ್ನಾಮಿನ ಸಾಂಪ್ರದಾಯಿಕ ಸಂಗೀತ ನಾಟಕವಾದ ತುವೊಂಗ್ ರಂಗಭೂಮಿಯನ್ನು ಮೊದಲು ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯೂ ಮುಖದ ಬಣ್ಣ ನೋಡಿಯೇ ಪಾತ್ರದ ಸ್ವಭಾವ ಹೇಳಬಹುದು. ಕೆಂಪು ಮುಖ ನಿಷ್ಠಾವಂತ ವೀರನದು. ಕೈಯಲ್ಲೊಂದು ಚಾವಟಿ ಹಿಡಿದರೆ ನಟ ಕುದುರೆ ಏರಿದನೆಂದೇ ಅರ್ಥ. ನನ್ನನ್ನು ಹೆಚ್ಚು ಸೆಳೆದದ್ದು ಪ್ರೇಕ್ಷಕರ ಕಡೆಗೆ ಇಡುವ ದೊಡ್ಡ ಡೋಲು. ಆಟ ಬಲ್ಲ ರಸಿಕನೊಬ್ಬ ಅದರ ಮುಂದೆ ಕುಳಿತು, ನಟನೆ ಮೆಚ್ಚಿಗೆಯಾದಾಗ ಒಂದು ಬಗೆಯಲ್ಲಿ, ಹದ ತಪ್ಪಿದಾಗ ಇನ್ನೊಂದು ಬಗೆಯಲ್ಲಿ ಹೊಡೆಯುವುದು ಹಳೆಯ ಸಂಪ್ರದಾಯ. (ನಮ್ಮ ಆಟಗಳಲ್ಲಿ ಹೀಗೊಂದು ಏರ್ಪಾಡಿದ್ದರೆ ಕೆಲವು ವೇಷಗಳು ರಂಗಸ್ಥಳ ಬಿಟ್ಟು ಓಡಬೇಕಾಗುತ್ತಿತ್ತು.)

ಅರಮನೆಯ ಆವರಣದಲ್ಲೇ ಮಿನ್ ಮಾಂಗ್ ಅರಸನ ಕಾಲದಲ್ಲಿ, 1826ರಲ್ಲಿ, ಕಟ್ಟಿಸಿದ ಯುವೆಟ್ ಥಿ ಡುವೊಂಗ್ ಎಂಬ ನಾಟಕಶಾಲೆಯಿದೆ. ಯುನೆಸ್ಕೋ 2003ರಲ್ಲಿ ಗುರುತಿಸಿದ ‘ನ್ಯಾ ನ್ಯಾಕ್’ ಎಂಬ ಆಸ್ಥಾನ ಸಂಗೀತವನ್ನೂ ಅಲ್ಲಿ ಕೇಳಬಹುದು. ಪ್ರದರ್ಶನಕ್ಕೆ ಮೊದಲು ಹೋಗಿ ಕಾಡಬೇಡಿ. ಮುಗಿದ ಮೇಲೆ ವಾದ್ಯಗಳನ್ನು ಕಟ್ಟಿಡುವ ಹೊತ್ತಿನಲ್ಲಿ ಮಾತಿಗೆ ಬಿಡುವಿರುತ್ತದೆ. ನಿಮ್ಮ ಚುಟ್ಟಿಯ ರೇಖಾಚಿತ್ರಗಳನ್ನು ತೋರಿಸಿದರೆ ದುಭಾಷಿಯ ಅಗತ್ಯ ಅಷ್ಟಾಗಿ ಬೀಳದು. ಇನ್ನು ಸುಗಂಧ ನದಿಯ ದೋಣಿಗಳಲ್ಲಿ ರಾತ್ರಿ ಹಾಡುವ ‘ಕಾ ಹುಯೆ’ ಪ್ರವಾಸಿಗಳ ಅವಸರಕ್ಕೆ ತಕ್ಕದ್ದು, ಬಿಟ್ಟರೂ ನಷ್ಟವಿಲ್ಲ.

ಮುಳ್ಳೇರಿಯದ ಸಂಗೀತ ಶಿಕ್ಷಕಿ:

ದೋಣಿಯ ಹಾಡಿನ ಬಗ್ಗೆ ಅಣ್ಣನವರ ತೀರ್ಪು ಸ್ವಲ್ಪ ಕಠಿಣವಾಯಿತು. ಅವಸರ ದೋಣಿಯವರದು, ಹಾಡುವವರದಲ್ಲ. ಚಹಾದ ಪುಟ್ಟ ಬಟ್ಟಲುಗಳನ್ನು ಬೆರಳುಗಳ ನಡುವೆ ಹಿಡಿದು ತಾಳ ಹಾಕುವ ಗಾಯಕಿಯನ್ನು ಹತ್ತಿರದಿಂದ ನೋಡಿದವರು ಅದನ್ನು ಹಗುರವಾಗಿ ಕಾಣಲಾರರು.

ಮಾಷ್ಟ್ರೇ, ಅಲ್ಲಿ ಪರಿಚಯವಾದೊಡನೆ ವಯಸ್ಸು ಕೇಳಿದರೆ ಬೇಸರಿಸಬೇಡಿ. ಅಣ್ಣ, ಅಕ್ಕ, ಚಿಕ್ಕಪ್ಪ ಎಂದು ವಯಸ್ಸಿಗೆ ತಕ್ಕಂತೆ ಕರೆಯುವ ರೂಢಿ ಅವರದು. ಅದು ಗೊತ್ತಾಗದೆ ಮಾತೇ ಮುಂದುವರಿಯುವುದಿಲ್ಲ. ಏನನ್ನಾದರೂ ಕೊಡುವಾಗ ಎರಡೂ ಕೈಗಳಿಂದ ಕೊಡಿ. ಸಸ್ಯಾಹಾರಿಗಳಾದರೆ ‘ಚಾಯ್’ (ಸಸ್ಯಾಹಾರ) ಎಂಬ ಫಲಕವಿರುವ ಊಟದ ಮನೆಗಳನ್ನು ಹುಡುಕಿ. ಬೇರೆಡೆ ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೀಳಬಹುದು. ಚಾಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಯಂದು ಬೌದ್ಧರಲ್ಲಿ ಅನೇಕರು ಸಸ್ಯಾಹಾರವನ್ನೇ ಉಣ್ಣುವುದರಿಂದ, ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಆ ದಿನವನ್ನೇ ಸೂಚಿಸಬಹುದು.

ಬದಿಯಡ್ಕದ ಚಿತ್ರಕಲಾ ಅಧ್ಯಾಪಕ:

ಮೂವರಿಗೂ ಕೃತಜ್ಞತೆಗಳು. ಎಪ್ರಿಲಿಗೇ ನಿಶ್ಚಯಿಸಿದೆ. ಸಿನ್ ಗ್ರಾಮದವರಿಗೆ ಕೊಡಲು ಬಣ್ಣದ ವೇಷದ ಚಿತ್ರಗಳನ್ನು ಚೌಕಟ್ಟು ಹಾಕಿಸಿ ಒಯ್ಯಬೇಕೋ, ಬಿಡಿ ಹಾಳೆಗಳು ಸಾಕೋ?

ಮಂಜೇಶ್ವರದವರು, ಈಗ ಡಾ ನಾಂಗ್‌ನಲ್ಲಿ ಉದ್ಯೋಗ:

ಬಿಡಿ ಹಾಳೆಗಳೇ ಸಾಕು. ಚೌಕಟ್ಟಿನ ಗಾಜು ದಾರಿಯಲ್ಲಿ ಒಡೆಯುತ್ತದೆ. ಅದಕ್ಕಿಂತ, ಅವರೆದುರಿಗೇ ಒಂದನ್ನು ಬರೆದುಕೊಡಿ. ಕುಂಚ, ಬಣ್ಣ ಅಲ್ಲಿಯೇ ಇರುತ್ತವೆ.