ಕ್ಯಾಂಡಿ ಡಬ್ಬದ ಜಪಾನಿ ರೋಬೋಟ್‌ಗಳು: ತರಿಸಿದವರು ಅನುಭವ ಹೇಳ್ತೀರಾ?

ಕೇಳಿದ್ದು: ತಮ್ಮ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾನೆ, ದಸರಾಕ್ಕೆ ಮೈಸೂರಿಗೆ ಬರುತ್ತಿದ್ದಾನೆ. ಮಗನಿಗೆ ಏಳು ವರ್ಷ, ವಾಹನಗಳು ರೋಬೋಟ್ ಆಗೋ ಕಾರ್ಟೂನ್ ಟ್ರಾನ್ಸ್‌ಫಾರ್ಮರ್ಸ್ ಅಂದ್ರೆ ಪ್ರಾಣ. ದೊಡ್ಡ ಆಟಿಕೆಗಳು ತುಂಬಾ ದುಬಾರಿ. ಚೂಯಿಂಗ್ ಗಮ್ ಜೊತೆ ಚಿಕ್ಕ ರೋಬೋಟ್ ಬರೋ ಡಬ್ಬಗಳು ಅಲ್ಲಿ ಅಗ್ಗಕ್ಕೆ ಸಿಗುತ್ತವಂತೆ. ತರಿಸಬಹುದಾ? ಎರಡು ದಿನಕ್ಕೆ ಮುರಿದುಹೋಗುತ್ತವಾ?

ಉತ್ತರ 1: ಧಾರಾಳವಾಗಿ ತರಿಸಿ ಅಕ್ಕಾ. ನಾನು ಟೋಕಿಯೋದ ನಿಶಿ ಕಸಾಯ್‌ನಲ್ಲಿ ಐದು ವರ್ಷ ಇದ್ದೆ, ನನ್ನ ಮಗ ಇವುಗಳ ಜೊತೆಯಲ್ಲೇ ಬೆಳೆದ. ಇವನ್ನು ಅಲ್ಲಿ ಶೊಕುಗಾನ್ ಅನ್ನುತ್ತಾರೆ, ತಿನ್ನೋ ಪದಾರ್ಥ ಮತ್ತು ಆಟಿಕೆ ಅನ್ನೋ ಎರಡು ಪದ ಸೇರಿಸಿ ಚಿಕ್ಕದು ಮಾಡಿದ ಹೆಸರು. ಆಟಿಕೆ ಅಂಗಡಿಗೇ ಹೋಗಬೇಕಿಲ್ಲ, ಸೂಪರ್‌ಮಾರ್ಕೆಟ್‌ನಲ್ಲಿ ಬಿಸ್ಕತ್ತು ಚಾಕೊಲೇಟ್ ಇಡೋ ಸಾಲಿನಲ್ಲೇ ಹುಡುಕಲಿ. ಇದು ಇತ್ತೀಚಿನ ಪದ್ಧತಿಯೂ ಅಲ್ಲ. ಗ್ಲಿಕೋ ಕಂಪನಿ 1922ರಲ್ಲಿ ಕ್ಯಾರಮೆಲ್ ಮಾರಲು ಶುರು ಮಾಡಿತು, 1927ರಲ್ಲೇ ಅದರ ಜೊತೆ ಆಟಿಕೆ ಕೊಡತೊಡಗಿತು.

ಹೆಸರಿಗೆ ತಿಂಡಿ ಅಷ್ಟೇ. ಒಳಗಿರೋದು ಒಂದು ತುಂಡು ಗಮ್, ಇಲ್ಲವೇ ಸೋಡಾ ರುಚಿಯ ಒಂದು ಮಾತ್ರೆಯಂಥ ಮಿಠಾಯಿ. 2019ರ ಅಕ್ಟೋಬರ್‌ನಲ್ಲಿ ಜಪಾನ್‌ನಲ್ಲಿ ಮಾರಾಟ ತೆರಿಗೆ ಶೇ 10 ಆಯಿತು, ತಿನ್ನೋ ಪದಾರ್ಥಕ್ಕೆ ಶೇ 8 ಉಳಿಸಿದರು. ಆಟಿಕೆ ಜೊತೆಗಿದ್ದರೆ, ಬೆಲೆಯಲ್ಲಿ ಮೂರನೇ ಎರಡು ಭಾಗವಾದರೂ ತಿಂಡಿಯದ್ದಾಗಿದ್ದರೆ ಮಾತ್ರ ಆ ಶೇ 8. ಒಂದು ತುಂಡು ಗಮ್ ಎಲ್ಲಿಂದ ಅಷ್ಟು ಬೆಲೆ ಬಾಳುತ್ತೆ? ಹಾಗಾಗಿ ನಮ್ಮ ಬಿಲ್‌ನಲ್ಲಿ ಈ ಡಬ್ಬಕ್ಕೆ ಶೇ 10 ಬೀಳುತ್ತಿತ್ತು, ಪಕ್ಕದ ಬಿಸ್ಕತ್ತಿಗೆ ಶೇ 8.

ಮುರಿಯೋ ವಿಷಯಕ್ಕೆ ಬರೋಣ. ಅಗ್ಗದವು ಜೋಡಿಸಿದ ರೋಬೋಟ್ ಆಗಿ ಬರುವುದಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಕೈ, ಕಾಲು, ತಲೆ ಎಲ್ಲ ಅಂಟಿಕೊಂಡಿರುತ್ತೆ, ಕತ್ತರಿಸಿ ಒತ್ತಿ ಜೋಡಿಸಬೇಕು, ಗೋಂದು ಬೇಡ. ಕಬಾಯಾ ಅನ್ನೋ ಮಿಠಾಯಿ ಕಂಪನಿಯ ಟ್ರಾನ್ಸ್‌ಫಾರ್ಮರ್ಸ್ ಗಮ್ ಹೀಗೇ ಇತ್ತು, ಮತ್ತೆ ನಮ್ಮ ಡಬ್ಬದಲ್ಲಿದ್ದ ಅಂಗೈ ಅಗಲದ ಲಾರಿ ನಿಜವಾಗಲೂ ರೋಬೋಟ್ ಆಗಿ ತಿರುಗುತ್ತಿತ್ತು! ನಮ್ಮ ಮೊದಲನೆಯದನ್ನು ನಾನೇ ಹಾಳು ಮಾಡಿದೆ. ಕೈಯಲ್ಲಿ ತಿರುಚಿ ಕಿತ್ತಿದ್ದಕ್ಕೆ ಭುಜದ ಗೂಟದ ಬುಡದಲ್ಲಿ ಅಕ್ಕಿನುಚ್ಚಿನಷ್ಟು ಪ್ಲಾಸ್ಟಿಕ್ ಉಳಿದಿತ್ತು. ಗೂಟ ಅರ್ಧಕ್ಕೆ ನಿಂತಿತು. ಜೋರಾಗಿ ಒತ್ತಿದೆ, ಪ್ಲಾಸ್ಟಿಕ್ ಬೆಳ್ಳಗಾಯಿತು, ಆಮೇಲೆ ಟಕ್ ಅಂತ ತುಂಡಾಯಿತು. ಮಗ ಅಳಲಿಲ್ಲ, ಸುಮ್ನೆ ಆ ತುಂಡನ್ನು ಹಿಡಿದುಕೊಂಡು ಕೂತಿದ್ದ, ಅದೇ ಜಾಸ್ತಿ ನೋವಾಯಿತು. ಅಲ್ಲಿಂದಾಚೆ, ಮೊದಲು ಭಾಗದಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಆಮೇಲೆ ನೇಲ್ ಕಟರ್‌ನಿಂದ ಬುಡದ ತನಕ ಸವರಿ, ಒತ್ತದೆ ಸುಮ್ನೆ ಒಮ್ಮೆ ಇಟ್ಟುನೋಡಿ ಆಮೇಲೆ ಒತ್ತುತ್ತಿದ್ದೆ. ಆಮೇಲೆ ಒಂದೂ ಮುರಿಯಲಿಲ್ಲ. ಸೂಚನೆ ಜಪಾನಿ ಭಾಷೆಯಲ್ಲಿರುತ್ತೆ, ಆದರೆ ಚಿತ್ರ ಮತ್ತು ನಂಬರ್ ನೋಡಿದರೆ ಸಾಕು. ಏಳು ವರ್ಷದವನಿಗೆ ಒಬ್ಬನಿಗೇ ಆಗಲ್ಲ, ಯಾರಾದರೂ ಪಕ್ಕದಲ್ಲಿ ಕೂರಬೇಕು.

ಬಂದಾಯ್ ಕಂಪನಿಯ ಮಿನಿಪ್ಲಾ ಅನ್ನೋ ಜೋಡಿಸೋ ರೋಬೋಟ್ ಡಬ್ಬ ತರಿಸುವುದಾದರೆ ಎಚ್ಚರ. ಅದರಲ್ಲಿ ಎಷ್ಟೋ ಸಲ ಮೂರು ನಾಲ್ಕು ಡಬ್ಬ ಸೇರಿದರೇನೇ ಒಂದು ದೊಡ್ಡ ರೋಬೋಟ್. ನಾವು ಕಾಲಿನ ಡಬ್ಬ ಬಿಟ್ಟು ಬಂದು, ವಾರ ಬಿಟ್ಟು ಹೋದರೆ ಅದೊಂದೇ ಖಾಲಿ. ಡಬ್ಬದ ಮೇಲೆ ನಂಬರ್ ಇರುತ್ತೆ, ಅಷ್ಟನ್ನೂ ಒಂದೇ ಸಲ ತೆಗೆದುಕೊಳ್ಳಲಿ. ಗುಂಡಮ್ ಅನ್ನೋ ಇನ್ನೊಂದು ರೋಬೋಟ್ ಕಾರ್ಟೂನಿನ ಪುಟ್ಟ ಗೊಂಬೆ ಗುಂಡಮ್ ಕನ್ವರ್ಜ್ ನೋಡೋಕೆ ಮುದ್ದಾಗಿದೆ, ಆದರೆ ಅದು ಷೋಕೇಸಿಗೆ, 15 ವರ್ಷ ಮೇಲ್ಪಟ್ಟವರಿಗೆ ಮಾಡಿದ್ದು. ನಿಮ್ಮ ಮಗನಿಗೆ ಬೇಡ.

ಉತ್ತರ 2: ನಾವು ಸಸ್ಯಾಹಾರಿಗಳು, ಅದಕ್ಕೆ ಇದನ್ನು ಸೇರಿಸುತ್ತಿದ್ದೇನೆ. ಡಬ್ಬದ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ 'ಜೆರಾಚಿನ್' ಅಂತ ಇದ್ದರೆ ಅದು ಜೆಲಾಟಿನ್, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದದ್ದು. ತಮ್ಮನಿಗೆ ಫೋನಿನಲ್ಲಿ ಅನುವಾದ ಮಾಡಿ ನೋಡಲು ಹೇಳಿ. ನಾನು ಗಮ್ ಎತ್ತಿಟ್ಟು ಆಟಿಕೆ ಮಾತ್ರ ಕೊಡುತ್ತಿದ್ದೆ. ಇನ್ನೊಂದು ಮಾತು: ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ ದಯವಿಟ್ಟು ಇವನ್ನು ನೆಲದ ಮೇಲೆ ಬಿಡಿಸಬೇಡಿ. ರೋಬೋಟಿನ ಮುಷ್ಟಿ ಕಡಲೆಕಾಳಿಗಿಂತ ಚಿಕ್ಕದಿರುತ್ತೆ. ನನ್ನ ಮಗಳ ಬಾಯಿಂದ ಒಂದನ್ನು ಬೆರಳು ಹಾಕಿ ತೆಗೆದಿದ್ದೇನೆ, ಆ ನಿಮಿಷ ಇವತ್ತಿಗೂ ಮರೆತಿಲ್ಲ. ಈಗ ಊಟದ ಮೇಜಿನ ಮೇಲೆ ದೊಡ್ಡ ತಟ್ಟೆ ಇಟ್ಟು ಅದರೊಳಗೇ ಕತ್ತರಿಸುತ್ತೇವೆ.

ಉತ್ತರ 3: ಹೆಸರಿನಲ್ಲಿ ಮೋಸ ಹೋಗಬೇಡಿ. ಹಳೇ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್‌ಗೆ ಜಪಾನ್‌ನಲ್ಲಿ ಕಾನ್ವಾಯ್ ಅಂತ ಹೆಸರು, ಬಂಬಲ್‌ಬೀ ಅಲ್ಲಿ ಬಂಬಲ್, ಜಾಜ್ ಅಲ್ಲಿ ಮೈಸ್ಟರ್. ನನ್ನ ಭಾವ ಅಂಗಡಿಯವರ ಹತ್ತಿರ ಆಪ್ಟಿಮಸ್ ಅಂತ ಕೇಳಿ, ಇಲ್ಲ ಅಂದರು ಅಂತ ವಾಪಸ್ ಬಂದಿದ್ದರು. ಚಿತ್ರ ತೋರಿಸಿ ಕೇಳುವುದೇ ಸರಿ. ಸ್ಟಿಕ್ಕರ್ ಅಂಟಿಸೋದು ಕೊನೆಗೆ ಇಟ್ಟುಕೊಳ್ಳಿ, ಕಣ್ಣಿನದು ಎಳ್ಳಿನಷ್ಟಿರುತ್ತೆ, ಬೆರಳಲ್ಲಿ ಹಿಡಿದರೆ ಸೊಟ್ಟ ಆಗುತ್ತೆ. ನಾನು ಹುಬ್ಬು ಕೀಳೋ ಚಿಮಟದಲ್ಲಿ ಹಿಡಿದು ಇಡುತ್ತೇನೆ. ಮತ್ತೆ ಅಲ್ಲೇ ಕಟರ್ ಕೊಂಡರೆ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಲಿ, ಕೈಚೀಲಕ್ಕೆ ಬೇಡ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾನ್ವಾಯ್ ಚಿತ್ರ ತಮ್ಮನಿಗೆ ಕಳಿಸಿದ್ದೇನೆ, ಎರಡು ಡಬ್ಬ ಹೇಳಿದ್ದೇನೆ, ಒಂದು ನಾವು ಕಲಿಯೋಕೆ. ಮಗನಿಗೆ ಇನ್ನೂ ಹೇಳಿಲ್ಲ.