ಬೆಂಗಾಲ್ ಬೆಕ್ಕಿನ ಮರಿ ತರಬೇಕಂದ್ರ ಏನೇನು ನೋಡಬೇಕು? ಸಾಕಿದವರು ಹೇಳ್ರಿ

ಅಕ್ಕಾರ, ಅಣ್ಣಾರ, ನಮ್ಮದು ಕಲಬುರಗಿ. ಹೈದರಾಬಾದಿನ ಬ್ರೀಡರ್ ಒಬ್ಬರು ಬೆಂಗಾಲ್ ಮರಿದು ವಿಡಿಯೊ ಕಳಿಸ್ಯಾರ. ಆರು ವಾರದ ಮರಿ. ಮುಂಗಡ ಹಾಕಿದ್ರ ಬಸ್ಸಿನಾಗ ಕಳಿಸ್ತೀನಿ ಅಂತಾರ. ಮೈಮ್ಯಾಲಿನ ಚುಕ್ಕಿ ಮಾತ್ರ ಮಸುಕು ಮಸುಕು ಕಾಣ್ತಾವ. ತಗೋಬಹುದೇನ್ರಿ?

ಕಲಬುರಗಿಯಿಂದ ಬಂದ ಉತ್ತರ:

ತಂಗೆಮ್ಮಾ, ಮುಂಗಡ ಹಾಕಬ್ಯಾಡ. ಆರು ವಾರಕ್ಕ ತಾಯಿ ಬಿಡಿಸೋದು ಭಾಳ ಲಗೂನ ಆಯ್ತು. 12 ವಾರ ತುಂಬೋತನಕ ಮರಿ ಕೊಡಂಗಿಲ್ಲ ಅನ್ನೋರ ಹತ್ರ ಹೋಗು. ಅಷ್ಟೊತ್ತಿಗೆ ಬೆಕ್ಕಿನ ಸಾಂಕ್ರಾಮಿಕ ರೋಗಗಳಿಗೆ ಹಾಕೋ ಟ್ರೈಕ್ಯಾಟ್ ಲಸಿಕೆ ಎರಡು ಡೋಸ್ ಆಗಿರ್ತಾವ, ಲಿಟರ್ ಬಾಕ್ಸಿಗೆ, ಅಂದ್ರ ಮಲಮೂತ್ರಕ್ಕ ಇಟ್ಟ ಮರಳಿನ ಡಬ್ಬಿಗೆ ಹೋಗೋದು ರೂಢಿ ಆಗಿರ್ತದ. ಒಡಹುಟ್ಟಿದವುಗಳ ಜೋಡಿ ಆಡಿ ಆಡಿ, ಎಷ್ಟು ಕಚ್ಚಿದ್ರ ನೋವಾಗ್ತದ ಅನ್ನೋದೂ ಗೊತ್ತಾಗಿರ್ತದ. ಬೆಂಗಾಲ್ ಮೊದಲೇ ಜೋರು ತಳಿ, ಈ ಪಾಠ ಆಗದ ಮರಿ ಕೈಕಾಲು ಪರಚಿ ಹಾಕ್ತದ.

ಚುಕ್ಕಿ ಮಸುಕು ಇರೋದಕ್ಕ ಚಿಂತಿ ಬ್ಯಾಡ. ಒಂದು ತಿಂಗಳಿಂದ ಮೂರ್ನಾಕು ತಿಂಗಳತನಕ ಬೂದು ಛಾಯೆದ ಉದ್ದ ಕೂದಲು ಬಂದು ಚುಕ್ಕಿ ಮುಚ್ಚತಾವ, ಆಮ್ಯಾಲ ಚುಕ್ಕಿ ತಾನ ಎದ್ದು ಕಾಣ್ತಾವ.

ನೋಡಬೇಕಾದ್ದು ತಾಯಿನ್ನ. ನಾವು ಮರಿ ತಂದ ಮನ್ಯಾಗ ತಾಯಿಬೆಕ್ಕು ತಾನ ಬಂದು ನಮ್ಮ ಚೀಲ ಮೂಸಿ ತೊಡಿ ಮ್ಯಾಲ ಕುಂತಿತ್ತು, ಮರಿಗಳು ಅದರ ಹಿಂದ. ಅದಕ್ಕೂ ಮೊದಲು ನೋಡಿದ ಒಂದು ಕಡಿ ತಾಯಿ ಬ್ಯಾರೆ ಊರಾಗದ ಅಂದ್ರು. ಮರಿ ಎತ್ತಿ ನೋಡಿದ್ರ ಬಾಲದ ಕೆಳಗ ಕೂದಲು ಅಂಟಿ ಗಟ್ಟಿಯಾಗಿದ್ದವು, ಕಿವಿಯೊಳಗ ಕಾಫಿಪುಡಿಯಂಥ ಕರಿ ಹೊಲಸು. ಕಿವಿಹುಳದ ಲಕ್ಷಣ ಅದು. ಕಣ್ಣು, ಮೂಗು ಸೋರಬಾರದು, ಒಸಡು ಗುಲಾಬಿ ಇರಬೇಕು. ಮೈ ಬಡಕಲಾಗಿ ಹೊಟ್ಟಿ ಮಾತ್ರ ಉಬ್ಬಿದ್ರ ಜಂತು ಇರಬಹುದು.

ಬೀದರದಿಂದ ಬಂದ ಉತ್ತರ:

ಮೇಲಿನವರು ಹೇಳಿದ್ದು ಕಣ್ಣಿಗೆ ಕಾಣುವಂಥದ್ದು. ಕಾಣದಿರುವುದಕ್ಕೆ ಕಾಗದವನ್ನೇ ಕೇಳಬೇಕು ತಂಗಿ. ಬೆಂಗಾಲ್ ತಳಿಯಲ್ಲಿ ಹೃದಯದ ಸ್ನಾಯು ದಪ್ಪವಾಗುವ ಎಚ್‌ಸಿಎಂ ಕಾಯಿಲೆ ಇದೆ. ಈ ತಳಿಗೆ ಅದನ್ನು ಡಿಎನ್‌ಎ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ತಂದೆತಾಯಿ ಬೆಕ್ಕುಗಳ ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಗಬೇಕು. ವಯಸ್ಸಾದಂತೆ ಕಾಣಿಸಿಕೊಳ್ಳುವ ಕಾಯಿಲೆಯಾದ್ದರಿಂದ ಒಮ್ಮೆ ಮಾಡಿಸಿ ಬಿಟ್ಟರೆ ಸಾಲದು, ವರದಿಯ ತಾರೀಕು ನೋಡಿ.

ಇನ್ನೆರಡಕ್ಕೆ ಡಿಎನ್‌ಎ ಪರೀಕ್ಷೆ ಉಂಟು. ಒಂದು ಪಿಆರ್‌ಎ, ಮೆಲ್ಲಗೆ ಕಣ್ಣು ಹೋಗುತ್ತದೆ. ಇನ್ನೊಂದು ಪಿಕೆ ಎಂಬ ಕಿಣ್ವದ ಕೊರತೆ, ಕೆಂಪು ರಕ್ತಕಣ ಒಡೆದು ರಕ್ತಹೀನತೆ ಬರುತ್ತದೆ. ದೋಷದ ಜೀನ್ ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಈ ಎರಡು ಕಾಯಿಲೆ ಕಾಡುತ್ತವೆ. ತಂದೆತಾಯಿಯಲ್ಲಿ ಒಂದರ ವರದಿಯಾದರೂ ಕ್ಲಿಯರ್, ಅಂದರೆ ದೋಷದ ಜೀನ್ ಇಲ್ಲ ಎಂದಿದ್ದರೆ ಮರಿಗೆ ಭಯವಿಲ್ಲ. "ಡಾಕ್ಟರ್ ನೋಡಿದಾರೆ, ಮರಿ ಫಿಟ್" ಎಂಬ ಚೀಟಿ ಈ ವರದಿಗಳ ಜಾಗ ತುಂಬುವುದಿಲ್ಲ, ದಯವಿಟ್ಟು ಅಷ್ಟಕ್ಕೇ ಒಪ್ಪಬೇಡಿ.

ಭೇದಿ ನಿಲ್ಲದ ಮರಿಯಾದರೆ ಟ್ರೈಟ್ರೈಕೊಮೊನಾಸ್, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಗಳು ಇವೆಯೇ ಎಂದು ಮಲಪರೀಕ್ಷೆ ಮಾಡಿಸಿ. ನಮಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರ, ಏನಿದ್ದರೂ ಅಲ್ಲಿಗೇ ಒಯ್ಯುತ್ತೇವೆ.

ಯಾದಗಿರಿಯಿಂದ ಬಂದ ಉತ್ತರ:

ಒಂದು ಮಾತು ಬಿಟ್ಟುಹೋಗ್ಯದ. ಬೆಂಗಾಲ್ ಅಂದ್ರ ಕಾಡಿನ ಚಿರತೆಬೆಕ್ಕು, ಮನಿಬೆಕ್ಕು ಕೂಡಿಸಿ ಮಾಡಿದ ತಳಿ. "ಎಫ್‌-1 ಅದ, ಕಾಡಿನ ರಕ್ತ ಜಾಸ್ತಿ" ಅಂತ ಹೆಚ್ಚಿಗಿ ರೊಕ್ಕ ಕೇಳೋರು ಸಿಗ್ತಾರ. ಎಫ್‌-1 ಅಂದ್ರ ಅದರ ತಂದಿ ಇಲ್ಲಾ ತಾಯಿ ಚಿರತೆಬೆಕ್ಕು. ಅದು ನಮ್ಮ ದೇಶದಾಗ 1972ರ ವನ್ಯಜೀವಿ ಕಾಯ್ದೆದ ಮೊದಲನೇ ಷೆಡ್ಯೂಲಿನಾಗ ಇರೋ ಪ್ರಾಣಿ. ಅಂಥ ಮಾತು ಬಂದಲ್ಲಿಂದ ಎದ್ದು ಬಂದುಬಿಡವ್ವ. ಮನಿಗೆ ಎಫ್‌-4 ಅಂದ್ರ ನಾಕನೇ ಪೀಳಿಗಿ, ಇಲ್ಲಾ ಅದರ ಮುಂದಿನ ಪೀಳಿಗಿನೇ ಆಗಬೇಕು.

ಚಲೋ ಬ್ರೀಡರ್ ನಿನ್ನನ್ನೂ ಪ್ರಶ್ನೆ ಕೇಳ್ತಾನ. ಕಿಟಕಿಗೆ ಜಾಲಿ ಅದ ಏನು, ಹಗಲೆಲ್ಲಾ ಮನ್ಯಾಗ ಯಾರಿರ್ತಾರ, ಸಾಕಾಕ ಆಗಲಿಲ್ಲಂದ್ರ ನನಗೇ ವಾಪಸ್ ಕೊಡ್ತೀಯೇನು ಅಂತ. ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ.

ಬಸ್ಸಿನ ಡಿಕ್ಕಿನಾಗ ಮರಿ ಹಾಕಿಸೋದು ಬ್ಯಾಡವೇ ಬ್ಯಾಡ, ನಮ್ಮ ಕಡಿ ಬಿಸಿಲಾಗ ಜೀವ ಹೋಗ್ತದ. ನೀನೇ ಹೋಗಿ, ಗಾಳಿ ಆಡೋ ಬುಟ್ಟಿನಾಗ ಬೆಳಗಿನ ಜಾವ ಹೊರಟು ಕರ್ಕೊಂಡು ಬಾ. ಈಗ ತಿನ್ನೋ ಆಹಾರನೇ ಒಂದಿಷ್ಟು ಅವರ ಹತ್ರ ಇಸ್ಕೋ. ತಿನ್ನೋದು ಒಮ್ಮೆಲೇ ಬದಲಾದ್ರ ಹೊಟ್ಟಿ ಕೆಡ್ತದ.