ಪೇಟೆ ಮಧ್ಯದ ಪುಟ್ಟ ಪಾರ್ಕಿಗೆ ಜನ ಬರುವ ಹಾಗೆ ಮಾಡಲು ಏನು ಮಾಡಬೇಕು?

ಹೊಲಿಗೆ ಅಂಗಡಿ, ಮಡಿಕೇರಿ

ನಮ್ಮ ಅಂಗಡಿ ಎದುರಿಗೇ ಒಂದು ಸಣ್ಣ ಪಾರ್ಕ್ ಇದೆ. ಒಂದು ಸಂಪಿಗೆ ಮರ, ಬಣ್ಣ ಹೋದ ಜಾರುಬಂಡೆ, ಪಾಚಿ ಕಟ್ಟಿದ ಕಲ್ಲುಬೆಂಚು. ಗೇಟಿಗೆ ಹೆಚ್ಚು ಹೊತ್ತು ಬೀಗ. ತೆರೆದಿದ್ದಾಗಲೂ ಒಳಗೆ ಯಾರೂ ಕಾಲಿಡುವುದಿಲ್ಲ.

ಪ್ರವಾಸಿಗರಿಗೆ ರಾಜಾಸೀಟ್ ಇದೆ. ನನಗೆ ಚಿಂತೆ ನಮ್ಮವರದ್ದು. ಶುಕ್ರವಾರ ಸಂತೆಗೆ ಬರುವ ಹೆಂಗಸರು ಸಾಮಾನು ಕೊಂಡಾದ ಮೇಲೆ ಬಸ್ಸಿಗೆ ಕಾಯಬೇಕು. ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂರುತ್ತಾರೆ. ಮಡಿಲಲ್ಲಿ ಒಣಮೀನಿನ ಪೊಟ್ಟಣ, ಪಕ್ಕದಲ್ಲಿ ನೀರು ಸುರಿಯುವ ಕೊಡೆ, ಸೆರಗು ಹಿಡಿದು ಎಳೆಯುವ ಮಗು. ನಾನು ಕುರ್ಚಿ ಕೊಡುತ್ತೇನೆ, ಎಷ್ಟು ಜನಕ್ಕೆ ಅಂತ ಕೊಡಲಿ? ರಸ್ತೆಯ ಆ ಕಡೆ ಪಾರ್ಕ್ ಖಾಲಿ ಬಿದ್ದಿರುತ್ತದೆ. ನೋಡಿದರೆ ಸಂಕಟ ಆಗುತ್ತದೆ.

ಅಕ್ಕಪಕ್ಕದ ಅಂಗಡಿಯವರು ಸೇರಿ ಏನಾದರೂ ಮಾಡೋಣ ಅಂತಿದ್ದೇವೆ. ಒಬ್ಬರು ಸೆಲ್ಫಿ ಪಾಯಿಂಟ್ ಅನ್ನುತ್ತಾರೆ, ಇನ್ನೊಬ್ಬರು ಕಾರಂಜಿ. ನನಗೆ ಎರಡೂ ಬೇಡ. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಬೇಕು?

ನಿವೃತ್ತ ಮೇಷ್ಟ್ರು, ವಿರಾಜಪೇಟೆ

ಕೂರುವ ಜಾಗದಿಂದ ಶುರು ಮಾಡಿ, ತಾಯಿ. ವಿಲಿಯಂ ವೈಟ್ ಎಂಬುವರು 1970ರ ದಶಕದಲ್ಲಿ ನ್ಯೂಯಾರ್ಕ್ ಪೇಟೆಯ ಸಣ್ಣ ಪಾರ್ಕ್, ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ ಅಂತ ನೋಡಿದರು. ಕೂರಲು ಜಾಗ ಇದ್ದ ಕಡೆ ಜನ ಕೂತರು. ಜನ ಇದ್ದ ಕಡೆಗೇ ಇನ್ನಷ್ಟು ಜನ ಬಂದರು. ಎಳೆದುಕೊಂಡು ಹೋಗಬಹುದಾದ ಕುರ್ಚಿ ಇದ್ದರೆ ಜನರಿಗೆ ಜಾಸ್ತಿ ಇಷ್ಟ, ಬಿಸಿಲು ನೆರಳು ನೋಡಿ ತಮಗೆ ಬೇಕಾದ ಕಡೆ ಹಾಕಿಕೊಳ್ಳುತ್ತಾರೆ.

ಅದೇ ಊರಿನಲ್ಲಿ 1967ರಲ್ಲಿ ಪೇಲಿ ಪಾರ್ಕ್ ಅಂತ ಒಂದು ಶುರುವಾಯಿತು. ಅಗಲ 42 ಅಡಿ, ಉದ್ದ 100 ಅಡಿ. ನಮ್ಮ ಲೆಕ್ಕದಲ್ಲಿ ಹತ್ತು ಸೆಂಟೂ ಇಲ್ಲ. ಕೆಲವು ಮರ, ಒಂದು ಗೋಡೆಯುದ್ದಕ್ಕೂ ಬೀಳುವ ನೀರು, ಬಿಡಿ ಕುರ್ಚಿಗಳು, ಅಷ್ಟೇ. ಇವತ್ತಿಗೂ ಜನ ಅಲ್ಲಿ ಊಟದ ಡಬ್ಬಿ ಬಿಚ್ಚಿ ಕೂರುತ್ತಾರೆ. ಜಾಗ ಚಿಕ್ಕದು ಅಂತ ಧೈರ್ಯ ಕಳೆದುಕೊಳ್ಳಬೇಡಿ.

ನರ್ಸರಿ ಕೆಲಸ, ಸೋಮವಾರಪೇಟೆ

ಮೇಷ್ಟ್ರೇ, ಕುರ್ಚಿ ಸರಿ. ಆದರೆ ಜೂನ್ ಬಂದರೆ ಏನು ಮಾಡುತ್ತೀರಿ? ನಮ್ಮ ಕಡೆ ಸೂರಿಲ್ಲದ ಪಾರ್ಕಿಗೆ ವರ್ಷದಲ್ಲಿ ನಾಲ್ಕು ತಿಂಗಳು ಯಾರೂ ಬರುವುದಿಲ್ಲ. ಅಕ್ಕಾ, ಕಾರಂಜಿಯ ದುಡ್ಡಿನಲ್ಲಿ ಒಂದು ಹೆಂಚಿನ ಚಾವಡಿ ಕಟ್ಟಿಸಿ. ಗಾಳಿಮಳೆ ಎರಚುವ ಕಡೆಗೆ ಒಂದು ಗೋಡೆ, ಉಳಿದ ಮೂರು ಕಡೆ ತೆರೆದೇ ಇರಲಿ. ಒಳಗೆ ಯಾರಿದ್ದಾರೆ ಅಂತ ರಸ್ತೆಯಿಂದ ಕಾಣಬೇಕು. ಆಗಲೇ ಹೆಂಗಸರು ಧೈರ್ಯವಾಗಿ ಬಂದು ಕೂರುವುದು.

ನೆಲಕ್ಕೆ ನುಣುಪು ಟೈಲ್ಸ್ ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಪಾಚಿ ಹಿಡಿದು ವಯಸ್ಸಾದವರು ಜಾರಿ ಬೀಳುತ್ತಾರೆ. ಜಲ್ಲಿ ಹಾಕಿದರೆ ನೀರು ಇಂಗುತ್ತದೆ. ಹುಲ್ಲುಹಾಸಿಗೆ ಖರ್ಚು ಮಾಡಬೇಡಿ, ಮರದಡಿ ನೆರಳಲ್ಲಿ ಅದು ಉಳಿಯುವುದು ಕಷ್ಟ. ಹೈಡ್ರಾಂಜಿಯ, ಜರಿಗಿಡ ನೆಡಿ.

ಒಂದು ಮೂಲೆಯಲ್ಲಿ ಮದ್ದು ಸೊಪ್ಪು ಇರಲಿ. ಕಡ್ಡಿ ಚುಚ್ಚಿದರೆ ಸಾಕು, ನೆರಳು ತೇವದಲ್ಲಿ ತಾನೇ ಬೆಳೆಯುತ್ತದೆ. ಕಕ್ಕಡ 18, ಅಂದರೆ ಕೊಡಗಿನಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡಿ ಉಣ್ಣುವ ಮಳೆಗಾಲದ ದಿನ, ಬಂತು ಅಂದರೆ ಪೇಟೆಯವರೆಲ್ಲ ಅದನ್ನೇ ಹುಡುಕುತ್ತಾರಲ್ವಾ? ಪಾರ್ಕಿಗೇ ಬಂದು ಕಿತ್ತುಕೊಳ್ಳಲಿ. ಬೇಯಿಸಿದಾಗ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಮಕ್ಕಳಿಗೆ ತೋರಿಸಬಹುದು. ಗಿಡ ಬೇಕಿದ್ದರೆ ನಾನು ತಂದುಕೊಡುತ್ತೇನೆ, ದುಡ್ಡು ಬೇಡ.

ಗೃಹಿಣಿ, ಕುಶಾಲನಗರ

ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ. ನಮ್ಮ ಬೀದಿಯ ಪಾರ್ಕಿನಲ್ಲಿ ಅದೇ ದೊಡ್ಡ ತೊಂದರೆ ಆಗಿತ್ತು. ಈಗ ಎದುರಿನ ಚಹಾ ಅಂಗಡಿಯವರೇ ಬೆಳಿಗ್ಗೆ ತೆಗೆದು ರಾತ್ರಿ ಹಾಕುತ್ತಾರೆ. ಅವರ ಕಣ್ಣು ಸದಾ ಅಲ್ಲೇ ಇರುವುದರಿಂದ ಕುಡುಕರ ಕಾಟವೂ ನಿಂತಿದೆ.

ಚಾವಡಿ ಕಟ್ಟುವ ಮುಂಚೆ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಪಾರ್ಕ್, ಆಟದ ಮೈದಾನ ಉಳಿಸಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಒಳ್ಳೆಯ ಕೆಲಸಕ್ಕೇ ಆದರೂ ನಾವಾಗಿಯೇ ಏನೂ ಕಟ್ಟುವ ಹಾಗಿಲ್ಲ. ಬಾಯಿಮಾತಿನ ಒಪ್ಪಿಗೆ ನಂಬಿ ದುಡ್ಡು ಹಾಕಬೇಡಿ.

ಹೊಲಿಗೆ ಅಂಗಡಿ, ಮಡಿಕೇರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಪಕ್ಕದವರಿಗೆ ಇದನ್ನೆಲ್ಲ ಓದಿ ಹೇಳಿದೆ. ಕಾರಂಜಿ ಅಂದವರೇ ಹೆಂಚು ಕೊಡಿಸುತ್ತೇನೆ ಅಂದರು! ಅವರ ಹಳೇ ಮನೆ ಬಿಚ್ಚಿದ ಹೆಂಚು ಹಾಗೇ ಇದೆಯಂತೆ. ಚಾವಡಿಗೆ ಅನುಮತಿ ಬರಲು ಹೊತ್ತು ಹಿಡಿಯಬಹುದು. ಅಲ್ಲಿಯವರೆಗೆ ಸುಮ್ನೆ ಕೂರುವುದು ಬೇಡ. ಬೀಗದ ಕೈ ನನ್ನ ಅಂಗಡಿಯಲ್ಲೇ ಇಡಲು ಕೇಳುತ್ತೇನೆ. ಮಳೆ ಇಲ್ಲದ ಶುಕ್ರವಾರ ಒಂದೊಂದು ಅಂಗಡಿಯಿಂದ ಎರಡೆರಡು ಪ್ಲಾಸ್ಟಿಕ್ ಕುರ್ಚಿ ಒಳಗೆ ಹಾಕಿ, ಸಂಜೆ ವಾಪಸ್ ತರುವುದು ಅಂತ ಮಾತಾಗಿದೆ. ಬೆಂಚಿನ ಪಾಚಿಯನ್ನು ಈ ಭಾನುವಾರ ಉಜ್ಜುತ್ತೇವೆ.

ನರ್ಸರಿ ತಮ್ಮಾ, ಮದ್ದು ಸೊಪ್ಪಿನ ಕಡ್ಡಿ ಯಾವಾಗ ತರುತ್ತೀಯ? ಸೋಮವಾರಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದರೂ ಸಾಕು, ಸ್ಟ್ಯಾಂಡಿಗೆ ಬಂದು ನಾನೇ ತಗೊಳ್ಳುತ್ತೇನೆ.